ಕೇಳದೆ ಹೊರಡಿಸಿದ ಅಪ್ಪಣೆ

ಕೊಲಂಬೊ ನಗರದ ಕೋಟೆ ಎಂಬ ಭಾಗದಿಂದ ತೆಂಕಣ ದಿಕ್ಕಿಗೆ ನಡೆದು ಹೊರಟವರಿಗೆ, ಬಲಗಡೆಯಲ್ಲಿ ಹಿಂದೂ ಮಹಾಸಾಗರವೂ ಎಡಗಡೆಯಲ್ಲಿ ಈಚಿನ ಕಾಲದ ಎತ್ತರೆತ್ತರದ ಹೋಟೆಲುಗಳೂ ಇರಲಾಗಿ, ಅವೆರಡರ ನಡುವೆ ನೀಳವಾಗಿ ಚಾಚಿಕೊಂಡಿರುವ ಹುಲ್ಲುಬಯಲೊಂದು ಎದುರಾಗುತ್ತದೆ. ಅದೇ ಗಾಲ್ ಫೇಸ್. ಸರ್ ಹೆನ್ರಿ ವಾರ್ಡ್ ಎಂಬ ಆಂಗ್ಲ ಗವರ್ನರನು 1859ರಲ್ಲಿ ಇದರ ಕೆಲಸವನ್ನು ಪೂರೈಸಿ, ಕೊಲಂಬೊ ಪಟ್ಟಣದ ಸ್ತ್ರೀಯರ ಮತ್ತು ಮಕ್ಕಳ ಹಿತಾರ್ಥವಾಗಿ ಇದನ್ನು ಕಾಪಾಡಿಕೊಂಡು ಬರಬೇಕೆಂದು ತನ್ನ ಅನಂತರ ಬರುವವರಿಗೆ ಒಪ್ಪಿಸಿದ ವಿಷಯವನ್ನು ಅಲ್ಲಿಯ ಶಿಲಾಫಲಕವೊಂದು ಹೇಳುತ್ತದೆ. ಇಂದಿಗೂ ಹೊತ್ತು ಇಳಿಯಿತೆಂದರೆ ಗಾಳಿಪಟ ಹಿಡಿದ ಮಕ್ಕಳು, ಕೈಕೈ ಹಿಡಿದು ಕಡಲನ್ನು ನೋಡುತ್ತ ಕುಳಿತ ತರುಣ ದಂಪತಿಗಳು, ಬೇಳೆಯ ವಡೆಯ ಮೇಲೆ ಸಿಗಡಿಯನ್ನು ಒತ್ತಿ ಕರಿದು ಮಾರುವ ಗಾಡಿಯವರು, ಇವರೆಲ್ಲರಿಂದ ಆ ಬಯಲು ತುಂಬಿಕೊಳ್ಳುತ್ತದೆ. ಅದರ ಬಡಗಣ ತುದಿಯಲ್ಲಿ, ಹಿರಿದಾದ ಕಂಬಗಳ ಸಾಲನ್ನು ಮುಂದೊಡ್ಡಿಕೊಂಡು ನಿಂತಿರುವ ಭವ್ಯ ಸೌಧವು 1930ರಲ್ಲಿ ಶಾಸನಸಭೆಗೆಂದು ತೆರೆದದ್ದು. ಸಂಸತ್ತು 1982ರಲ್ಲಿ ಶ್ರೀ ಜಯವರ್ಧನಪುರ ಕೋಟ್ಟೆಗೆ ಹೋದ ಮೇಲೆ ಅದು ರಾಷ್ಟ್ರಾಧ್ಯಕ್ಷರ ಕಾರ್ಯಾಲಯವಾಯಿತು. ಹಲವರು ಕೂಡಿ ವಾದಿಸಬೇಕೆಂದು ಕಟ್ಟಿದ ಮನೆಯು ಒಬ್ಬರ ಅಪ್ಪಣೆ ಹೊರಡುವ ಮನೆಯಾದ ಈ ಪರಿವರ್ತನೆಯಲ್ಲಿಯೇ ಶ್ರೀಲಂಕೆಯ ಅರ್ಧ ಶತಮಾನದ ಚರಿತ್ರೆಯು ಅಡಗಿದೆಯೆಂದು, ಅದರ ಮೆಟ್ಟಿಲುಗಳ ಎದುರು ನಿಂತಾಗ ನನಗೆ ತೋರಿತು.

ನಾನು ಅಲ್ಲಿಗೆ ಹೋದದ್ದು 2023ರ ಮೊದಲ ತಿಂಗಳುಗಳಲ್ಲಿ. ಅದಕ್ಕೆ ಹಿಂದಿನ ವರುಷ, ಏಪ್ರಿಲ್ 9ರಂದು, ಅಧ್ಯಕ್ಷರಾದ ಗೊಟಬಯ ರಾಜಪಕ್ಸರು ಮನೆಗೆ ಹೋಗಬೇಕೆಂದು ಕೂಗುತ್ತ ಬಂದ ಜನರು ಈ ಬಯಲಿನಲ್ಲಿ ಡೇರೆಗಳನ್ನು ಹೂಡಿ, ‘ಗೊಟಗೋಗಮ’ ಎಂಬ ಹೆಸರಿನ ಒಂದು ಹಳ್ಳಿಯನ್ನೇ ನಿರ್ಮಿಸಿದ್ದರು. ಆ ಹಳ್ಳಿಯಲ್ಲಿ ಅಡುಗೆಯ ಮನೆಯಿತ್ತು, ಪುಸ್ತಕ ಭಂಡಾರವಿತ್ತು, ವಕೀಲರ ಡೇರೆಯಿತ್ತು, ವೈದ್ಯರ ಡೇರೆಯಿತ್ತು. ಸಿಂಹಳದಲ್ಲಿಯೂ ತಮಿಳಿನಲ್ಲಿಯೂ ರಾಷ್ಟ್ರಗೀತೆಯನ್ನು ಹಾಡುವ ಜನರಿದ್ದರು. ರಮ್ಜಾನ್ ಮಾಸದಲ್ಲಿ ಉಪವಾಸ ಬಿಡುವ ಮುಸಲ್ಮಾನರ ಪಕ್ಕದಲ್ಲಿ ಬೌದ್ಧ ಭಿಕ್ಷುಗಳೂ ಕ್ರೈಸ್ತ ಸಂನ್ಯಾಸಿನಿಯರೂ ಕುಳಿತಿದ್ದರು. ಅಲ್ಲಿಯ ಜನ ಈ ಹೋರಾಟವನ್ನು ‘ಅರಗಲಯ’ ಎಂದು ಕರೆದರು. ನಾನು ನೋಡುವಾಗ ಒಂದು ಡೇರೆಯ ಗೂಟವೂ ಉಳಿದಿರಲಿಲ್ಲ. ಕಾರ್ಯಾಲಯದ ಕಬ್ಬಿಣದ ಬೇಲಿಯ ಒಳಗಡೆ ಸೈನಿಕರು ನಿಂತಿದ್ದರು, ಹೊರಗಡೆ ಒಬ್ಬ ಮುದುಕನು ಗುಳ್ಳೆಯಾಡಿಸುವ ಸಾಬೂನು ನೀರನ್ನು ಮಕ್ಕಳಿಗೆ ಮಾರುತ್ತಿದ್ದನು.

ನನ್ನನ್ನು ಆ ಬಯಲಿಗೆ ಕರೆದುಕೊಂಡು ಹೋದ ತ್ರಿಚಕ್ರ ವಾಹನದ ಚಾಲಕನು ಮಧ್ಯವಯಸ್ಸಿನ ಸಿಂಹಳೀಯ. ತಮಿಳನ್ನೂ ಇಂಗ್ಲಿಷನ್ನೂ ಬೆರೆಸಿ ಮಾತನಾಡುವವನು. ಅವನ ಗಾಡಿಯ ಮುಂಗಾಜಿನ ಒಳಮೈಗೆ, ಬುದ್ಧನ ಚಿತ್ರದ ಕೆಳಗೆ, ವಾರದ ಪೆಟ್ರೋಲಿನ ಪಾಲನ್ನು ಪಡೆಯುವ ಕ್ಯೂಆರ್ ಕೋಡಿನ ಚೀಟಿಯನ್ನು ಅಂಟಿಸಿತ್ತು. ಚೀಟಿಯ ಅಂಚು ಕೈ ಬೆವರಿನಿಂದ ಮಾಸಿ, ಮೇಲೆ ಸುತ್ತಿದ್ದ ಪ್ಲಾಸ್ಟಿಕ್ಕು ಬಿಸಿಲಿಗೆ ಹಳದಿಯಾಗಿತ್ತು. “ಮಹತ್ತಯಾ, ಅರವತ್ತೊಂಬತ್ತು ಲಕ್ಷದಲ್ಲಿ ನಾನೂ ಒಬ್ಬ” ಎಂದು ಅವನು ತಾನಾಗಿಯೇ ಹೇಳಿದನು. 2019ರ ನವೆಂಬರಿನಲ್ಲಿ ಗೊಟಬಯರಿಗೆ ಬಿದ್ದ ಮತಗಳು 69 ಲಕ್ಷ. ಅಂದರೆ ಚಲಾಯಿತವಾದುದರಲ್ಲಿ ಶೇಕಡ 52ಕ್ಕೂ ಮೇಲು. ಆ ಸಂಖ್ಯೆಯು ಈಗ ಅಲ್ಲಿಯ ಜನರ ಬಾಯಲ್ಲಿ ಒಂದು ಜಾತಿಯ ಹೆಸರಿನಂತೆ ಬಳಕೆಯಾಗುತ್ತಿದೆ. ಆ ಚುನಾವಣೆಗೆ ಏಳು ತಿಂಗಳು ಮೊದಲು, ಈಸ್ಟರ್ ಭಾನುವಾರದಂದು, ಇಗರ್ಜಿಗಳಲ್ಲಿಯೂ ಹೋಟೆಲುಗಳಲ್ಲಿಯೂ ಬಾಂಬುಗಳು ಸಿಡಿದು 260ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ಮುನ್ಸೂಚನೆ ಬಂದಿದ್ದರೂ ಅಂದಿನ ಸರಕಾರ ಕೈಕಟ್ಟಿ ಕುಳಿತಿತ್ತು. ಆ ಭಯದಲ್ಲಿ ಜನರು, 2009ರಲ್ಲಿ ತಮಿಳು ಹುಲಿಗಳ ಎದುರಿನ ಯುದ್ಧವನ್ನು ಗೆದ್ದಾಗ ರಕ್ಷಣಾ ಕಾರ್ಯದರ್ಶಿಯಾಗಿದ್ದ, ರಾಜಕಾರಣಿಯಲ್ಲವೆಂಬ ಖ್ಯಾತಿಯ ಈ ಮಾಜಿ ಸೇನಾಧಿಕಾರಿಯನ್ನು ಆರಿಸಿದರು. ಗೆದ್ದ ಹೊಸತರಲ್ಲಿ ತರುಣ ತರುಣಿಯರು ಯಾರ ಪ್ರೇರಣೆಯೂ ಇಲ್ಲದೆ ಬಣ್ಣ ಕುಂಚಗಳನ್ನು ಹಿಡಿದು ದೇಶದ ಗೋಡೆಗಳ ಮೇಲೆಲ್ಲ ಚಿತ್ರ ಬರೆದರು. ಈ ಚಾಲಕನ ಮಗಳೂ ಬರೆದವಳೇ. 2022ರ ಮಾರ್ಚಿನಲ್ಲಿ ದಿನಕ್ಕೆ ಹದಿಮೂರು ಗಂಟೆ ವಿದ್ಯುತ್ತಿಲ್ಲದೆ, ಕಾಗದವಿಲ್ಲದ ಕಾರಣ ಶಾಲೆಯ ಪರೀಕ್ಷೆಯೂ ನಿಂತುಹೋದ ಮೇಲೆ, ಅದೇ ಹುಡುಗಿ ತಂದೆಯನ್ನು ಕೈಹಿಡಿದು ಎಳೆದುಕೊಂಡು ಗಾಲ್ ಫೇಸಿಗೆ ಬಂದಳಂತೆ.

ಡಿಸೆಂಬರಿನಲ್ಲಿ ಲೀಟರಿಗೆ 177 ರೂಪಾಯಿಯಿದ್ದ ಪೆಟ್ರೋಲು ಜೂನಿನಲ್ಲಿ 470 ಆದುದನ್ನೂ, ‘ಪೋಲಿಮ’ ಎಂದು ಅವರು ಕರೆಯುವ ಸರದಿಯಲ್ಲಿ ಹಗಲು ರಾತ್ರಿ ಗಾಡಿಯಲ್ಲಿಯೇ ಮಲಗಿದ್ದುದನ್ನೂ, ಸರದಿಯಲ್ಲಿ ನಿಂತಲ್ಲಿಯೇ ಕುಸಿದು ಸತ್ತ ಮುದುಕರ ಸುದ್ದಿ ಕೇಳಿದುದನ್ನೂ ಅವನು ಹೇಳಿದನಾದರೂ, ಅವನ ಮಾತಿನಲ್ಲಿ ನನ್ನ ಮನಸ್ಸಿಗೆ ನಾಟಿದುದು ಬೇರೊಂದು. “ಕಷ್ಟ ನಮಗೆ ಹೊಸದಲ್ಲ ಮಹತ್ತಯಾ, ಯುದ್ಧದ ಕಾಲ ಕಂಡವರು, ಸುನಾಮಿ ಕಂಡವರು. ಆದರೆ ಆಗ ಯಾರಾದರೂ ಬಂದು ಹೇಳುತ್ತಿದ್ದರು, ಹೀಗಾಗಿದೆ, ಇನ್ನಿಷ್ಟು ದಿನ ತಡೆದುಕೊಳ್ಳಿ ಎಂದು. ಈತ ಹೇಳಲೂ ಇಲ್ಲ, ಕೇಳಲೂ ಇಲ್ಲ.” ಆಳುವವರ ಮೇಲಿನ ಜನಕ್ರೋಧವನ್ನು ಬೆಲೆಯ ಪಟ್ಟಿಯಿಂದಲೇ ಅಳೆಯುವ ಅಭ್ಯಾಸ ನಮ್ಮ ಪತ್ರಿಕೆಗಳಿಗಿದೆ. ನಾನು ದ್ವೀಪದ ಒಳನಾಡಿಗೆ ಹೋದಂತೆಲ್ಲ, ಹಸಿವಿಗಿಂತ ಮೊದಲೇ ಹುಟ್ಟಿ ಹಸಿವಿನ ಕಾಲದಲ್ಲಿ ಸಿಡಿದ ಬೇರೊಂದು ನೋವು ಈ ಜನರಲ್ಲಿದ್ದಿತೆಂಬುದು ದೃಢವಾಗುತ್ತ ಬಂದಿತು.

ಗೊಟಬಯರು ಸೇನೆಯಲ್ಲಿ ಬೆಳೆದವರು. ಲೆಫ್ಟಿನೆಂಟ್ ಕರ್ನಲ್ ಹುದ್ದೆಯಲ್ಲಿ ನಿವೃತ್ತರಾಗಿ, ಕೆಲಕಾಲ ಅಮೆರಿಕದಲ್ಲಿದ್ದು, ಅಣ್ಣ ಮಹಿಂದ ರಾಜಪಕ್ಸರು 2005ರಲ್ಲಿ ಅಧ್ಯಕ್ಷರಾದಾಗ ಹಿಂತಿರುಗಿದವರು. ತಾವೇ ಅಧ್ಯಕ್ಷರಾದ ಮೇಲೆ ಅಣ್ಣನನ್ನು ಪ್ರಧಾನಿಯನ್ನಾಗಿಯೂ, ಇನ್ನೊಬ್ಬ ಸೋದರನನ್ನು ಅರ್ಥಸಚಿವನನ್ನಾಗಿಯೂ ಮಾಡಿದರು; ಹಿರಿಯಣ್ಣನೂ ಅಣ್ಣನ ಮಗನೂ ಮಂತ್ರಿಗಳಾದರು. 2020ರ ಅಕ್ಟೋಬರಿನಲ್ಲಿ ಸಂವಿಧಾನಕ್ಕೆ ಇಪ್ಪತ್ತನೆಯ ತಿದ್ದುಪಡಿಯನ್ನು ತಂದು, ಅಧ್ಯಕ್ಷರ ಅಧಿಕಾರಕ್ಕೆ ಹಿಂದಿನವರು ಹಾಕಿದ್ದ ಕಟ್ಟುಗಳನ್ನು ಬಿಚ್ಚಿಸಿಕೊಂಡರು. ಕೋವಿಡ್ ಸೋಂಕಿನ ಕಾಲದಲ್ಲಿ ಅದರ ನಿಯಂತ್ರಣಕ್ಕೆ ಭೂಸೇನೆಯ ದಂಡನಾಯಕರನ್ನೇ ಮುಖ್ಯಸ್ಥರನ್ನಾಗಿ ನೇಮಿಸಿ, ಜಿಲ್ಲೆಗೊಬ್ಬ ಸೇನಾಧಿಕಾರಿಯನ್ನು ಕಳುಹಿಸಿದರು. ಸೋಂಕಿನಿಂದ ಸತ್ತ ಮುಸಲ್ಮಾನರನ್ನು ಹೂಳಗೊಡದೆ ಸುಡಿಸಿದರು, ಹೂಳುವುದರಿಂದ ಅಪಾಯವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದರೂ ತಿಂಗಳುಗಟ್ಟಲೆ ಸುಡಿಸಿದರು. ಆ ವರುಷವೇ ಸೆಪ್ಟೆಂಬರಿನಲ್ಲಿ, ಬದುಲ್ಲ ಜಿಲ್ಲೆಯ ಹಲ್ದುಮುಲ್ಲ ಎಂಬಲ್ಲಿ ಹಳ್ಳಿಗರ ಅಹವಾಲುಗಳನ್ನು ಕೇಳಲು ಹೋದ ಸಂದರ್ಭದಲ್ಲಿ ಅವರು ಅಧಿಕಾರಿಗಳಿಗೆ, ತಮ್ಮ ಬಾಯಿಮಾತಿನ ಅಪ್ಪಣೆಯನ್ನೇ ಸುತ್ತೋಲೆಯೆಂದು ಭಾವಿಸಿ ನಡೆಸತಕ್ಕದ್ದೆಂದು ಹೇಳಿದರು. ಸೋಮಾರಿ ಕಚೇರಿಗಳಿಂದ ಬೇಸತ್ತಿದ್ದ ಜನರಿಗೆ ಅಂದು ಆ ಮಾತು ಹಿತವಾಗಿಯೇ ಕೇಳಿಸಿತು; ಚಪ್ಪಾಳೆಯೂ ಬಿದ್ದಿರಬೇಕು. ಕಾಗದದ ಮೇಲೆ ಬಾರದ ಆಜ್ಞೆಗೆ ಟಿಪ್ಪಣಿ ಬರೆಯುವ ಗುಮಾಸ್ತನಿಲ್ಲ, ಅಡ್ಡಿಯೆತ್ತುವ ಕಾರ್ಯದರ್ಶಿಯಿಲ್ಲ, ಮರುದಿನ ತಪ್ಪಾಯಿತೆಂದಾಗ ಹೊಣೆ ಹೊರುವವನೂ ಇಲ್ಲ ಎಂಬುದು ಹೊಳೆಯುವುದಕ್ಕೆ ಒಂದು ಬೆಳೆಯ ಕಾಲ ಬೇಕಾಯಿತು.

ಆ ಬೆಳೆಯ ವಿಷಯವನ್ನು ಕಣ್ಣಾರೆ ಕಂಡು ಕೇಳಬೇಕೆಂಬ ಆಸೆಯಿಂದಲೇ ನಾನು ಅನುರಾಧಪುರದ ರೈಲು ಹತ್ತಿದ್ದು. ಸುಳ್ಯದ ಕಡೆ ಅಡಕೆಯ ತೋಟವನ್ನೂ ಅಂಗೈಯಗಲದ ಗದ್ದೆಯನ್ನೂ ಮಾಡಿಕೊಂಡಿರುವ ನನಗೆ, ಗೊಬ್ಬರವೆಂಬುದು ವಾದದ ವಿಷಯವಲ್ಲ, ನಿತ್ಯದ ಚಿಂತೆ. ಆ ಊರಿನ ರುವನ್ವೆಲಿಸಾಯ ಎಂಬ ಮಹಾಸ್ತೂಪದ ಸನ್ನಿಧಿಯಲ್ಲಿ ಗೊಟಬಯರು 2019ರ ನವೆಂಬರ್ 18ರಂದು ಪ್ರಮಾಣವಚನ ಸ್ವೀಕರಿಸಿದರು. ಬೆಳದಿಂಗಳಿನ ಬಣ್ಣದ ಆ ಮಹಾ ಗೋಳಾಕೃತಿಯನ್ನು ಕಟ್ಟಿಸಿದವನು, ಚೋಳನಾಡಿನಿಂದ ಬಂದು ಆಳುತ್ತಿದ್ದ ಎಳಾರನೆಂಬ ತಮಿಳು ದೊರೆಯನ್ನು ಗೆದ್ದ ದುಟ್ಠಗಾಮಿನಿ. ಜಾಗವನ್ನು ಆಯ್ದುಕೊಂಡುದರ ಅರ್ಥ ಯಾರಿಗೂ ತಿಳಿಯದಿರಲಿಲ್ಲ. ಸಿಂಹಳರ ಮತಗಳಿಂದಲೇ ತಾವು ಗೆಲ್ಲಬಲ್ಲೆವೆಂಬುದನ್ನು ಅರಿತಿದ್ದಾಗಿ ಅಧ್ಯಕ್ಷರು ಅಂದು ಅಲ್ಲಿ ಹೇಳಿಯೂ ಹೇಳಿದರು. ಆದರೆ ‘ಮಹಾವಂಶ’ವು ಅದೇ ದುಟ್ಠಗಾಮಿನಿಯ ವಿಷಯದಲ್ಲಿ ಇನ್ನೊಂದನ್ನೂ ಹೇಳುತ್ತದೆ: ಬಿದ್ದ ವೈರಿಗೆ ರಾಜಮರ್ಯಾದೆಯಿಂದ ಸಂಸ್ಕಾರ ಮಾಡಿಸಿ, ಆ ಸಮಾಧಿಯ ಮುಂದೆ ಹಾದುಹೋಗುವ ಅರಸರು ವಾದ್ಯಗಳನ್ನು ನಿಲ್ಲಿಸಿ ನಡೆಯತಕ್ಕದ್ದೆಂದು ಅವನು ವಿಧಿಸಿದನಂತೆ. ಈ ಎರಡನೆಯ ಅಪ್ಪಣೆಯನ್ನು ನೆನೆಯುವ ಅರಸರು ಆ ನಾಡಿಗೆ ಈಚೆಗೆ ಸಿಕ್ಕಲಿಲ್ಲವೆಂಬ ವ್ಯಥೆಯಿಂದಲೇ ನಾನು ಬರಿಗಾಲಿನಲ್ಲಿ ಆ ಕಾದ ಕಲ್ಲುಹಾಸನ್ನು ಸುತ್ತಿ ಬಂದೆನು.

ಮಿಹಿಂತಲೆಯ ಹಾದಿಯಲ್ಲಿ, ಒಂದು ಹಳೆಯ ಕೆರೆಯ ಅಚ್ಚುಕಟ್ಟಿನಲ್ಲಿ, ಭತ್ತ ಬೆಳೆಯುವ ರೈತರೊಬ್ಬರ ಮನೆಗೆ ಪರಿಚಿತರೊಬ್ಬರ ಮುಖಾಂತರ ಹೋದೆನು. ಅವರ ಮಗಳು ಊರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ತಂದೆಯ ಮಾತನ್ನು ನನಗೂ ನನ್ನ ಮಾತನ್ನು ತಂದೆಗೂ ತಲುಪಿಸುತ್ತ ಅಂದಿನ ಇಡೀ ಅಪರಾಹ್ನ ಗದ್ದೆಯ ಹುಣಿಯ ಮೇಲೆಯೇ ನಮ್ಮೊಂದಿಗೆ ನಡೆದಳು. ‘ಮಹಾ’ ಎಂದು ಕರೆಯುವ ದೊಡ್ಡ ಬೆಳೆಯ ಕೊಯಿಲು ಹತ್ತಿರ ಬಂದಿತ್ತು. ರೈತರು ಕೆಸರಿಗಿಳಿದು ಒಂದು ಬುಡವನ್ನು ಎರಡು ಕೈಯಿಂದ ಬಳಸಿ ಹಿಡಿದು, ತೆಂಡೆಗಳನ್ನು ಬಿಡಿಸಿ ತೋರಿಸಿದರು. ತೆನೆ ತೂಗಿ ಬಾಗಿತ್ತು. ಆ ವರುಷದ ಹಿಂದಿನ ಮಹಾ ಬೆಳೆಯಲ್ಲಿ ಒಂದು ಬುಡಕ್ಕೆ ಇದರ ಅರ್ಧದಷ್ಟು ತೆಂಡೆಯೂ ಒಡೆಯಲಿಲ್ಲವೆಂದೂ, ಎಲೆ ಹಳದಿಗೆ ತಿರುಗಿ, ಹೊಡೆ ಬರುವ ಕಾಲಕ್ಕೆ ಗಿಡ ಮೊಣಕಾಲೆತ್ತರದಲ್ಲಿಯೇ ನಿಂತುಬಿಟ್ಟಿತೆಂದೂ ಹೇಳಿದರು.

2021ರ ಮೇ ತಿಂಗಳಿನಲ್ಲಿ, ರಾಸಾಯನಿಕ ಗೊಬ್ಬರವನ್ನೂ ಕೀಟನಾಶಕಗಳನ್ನೂ ದೇಶದೊಳಕ್ಕೆ ತರಕೂಡದೆಂದು ಅಧ್ಯಕ್ಷರು ಒಮ್ಮೆಲೇ ಆಜ್ಞೆ ಮಾಡಿದರು. ಅವರ ಚುನಾವಣೆಯ ಪ್ರಣಾಳಿಕೆಯು ಸಾವಯವ ಕೃಷಿಗೆ ಹತ್ತು ವರುಷಗಳ ಅವಧಿಯನ್ನು ಹೇಳಿತ್ತು; ಭತ್ತದ ರೈತರಿಗೆ ಗೊಬ್ಬರವನ್ನು ಉಚಿತವಾಗಿ ಕೊಡುವೆವೆಂದೂ ಹೇಳಿತ್ತು. ಹತ್ತು ವರುಷವು ಒಂದು ದಿನವಾದುದಕ್ಕೆ ಅವರು ಮುಂದಿಟ್ಟ ಕಾರಣವು ಜನರ ಆರೋಗ್ಯ. ಅದರ ಹಿಂದೆ ಇನ್ನೊಂದು ಕಾರಣವಿತ್ತು. ಗೆದ್ದ ಕೂಡಲೇ ಮೌಲ್ಯವರ್ಧಿತ ತೆರಿಗೆಯನ್ನು ಶೇಕಡ 15ರಿಂದ 8ಕ್ಕೆ ಇಳಿಸಿದುದರಿಂದ ಬೊಕ್ಕಸವು ಬರಿದಾಗಿ, ಸೋಂಕಿನಿಂದ ಪ್ರವಾಸೋದ್ಯಮವು ನಿಂತು, ಡಾಲರಿನ ದಾಸ್ತಾನು ಕರಗುತ್ತಿತ್ತು. ಗೊಬ್ಬರದ ಆಮದು ನಿಂತರೆ ಅಷ್ಟು ವಿದೇಶಿ ಹಣ ಉಳಿಯುತ್ತಿತ್ತು. ಬತಲಗೊಡದ ಸಂಶೋಧನ ಕೇಂದ್ರದಲ್ಲಿ ಹುಟ್ಟಿ ದ್ವೀಪದ ಗದ್ದೆಗಳನ್ನೆಲ್ಲ ತುಂಬಿರುವ ಭತ್ತದ ತಳಿಗಳು ಯೂರಿಯಾದ ಮೇಲುಗೊಬ್ಬರಕ್ಕೆ ಒಗ್ಗಿ ಬೆಳೆದವು. ಅವುಗಳ ಹಸಿವನ್ನು ಹಟ್ಟಿಗೊಬ್ಬರದಿಂದಲೂ ಸೊಪ್ಪಿನಿಂದಲೂ ತೀರಿಸಬೇಕಾದರೆ ಮಣ್ಣಿಗೆ ವರುಷಗಳ ಅನ್ನ ಹಾಕಬೇಕು. ನನ್ನ ತೋಟದ ಒಂದು ಮೂಲೆಯನ್ನು ರಾಸಾಯನಿಕದಿಂದ ಬಿಡಿಸುವುದಕ್ಕೆ ನನಗೆ ಹಿಡಿದ ಕಾಲವನ್ನು ಬಲ್ಲೆನಾದುದರಿಂದ, ಇಡೀ ದೇಶದ ಮಣ್ಣಿಗೆ ಒಂದು ಮಳೆಗಾಲದೊಳಗೆ ಅದನ್ನು ಮಾಡಹೊರಟ ಧೈರ್ಯವನ್ನು ನೆನೆದು ಮೈ ಝುಮ್ಮೆಂದಿತು. ಪೇರಾದೆನಿಯ ವಿಶ್ವವಿದ್ಯಾಲಯದ ಕೃಷಿ ವಿದ್ವಾಂಸರು ಇಳುವರಿ ಎಷ್ಟು ಕುಸಿದೀತೆಂದು ಮೊದಲೇ ಎಚ್ಚರಿಸಿದ್ದರು. ಹಾಗೆ ಬಹಿರಂಗವಾಗಿ ಮಾತನಾಡಿದ ಪ್ರಾಧ್ಯಾಪಕರೊಬ್ಬರನ್ನು ಕೃಷಿ ಸಚಿವಾಲಯದ ಹೊಣೆಗಳಿಂದ ತೆಗೆದುಹಾಕಲಾಯಿತು. ನವೆಂಬರಿನಲ್ಲಿ ನಿಷೇಧವನ್ನು ಹಿಂತೆಗೆದಾಗ ಬಿತ್ತನೆಯ ಕಾಲ ಮೀರಿತ್ತು. ಆ ಮಹಾ ಬೆಳೆಯು ಹಿಂದಿನ ವರುಷಕ್ಕಿಂತ ಮೂರರಲ್ಲೊಂದು ಪಾಲಿಗೂ ಹೆಚ್ಚಾಗಿ ಕುಸಿದು, ಅಕ್ಕಿಯಲ್ಲಿ ಸ್ವಾವಲಂಬಿಯಾಗಿದ್ದ ನಾಡು ಅಕ್ಕಿಗಾಗಿ ಹಡಗಿನ ದಾರಿ ಕಾಯುವಂತಾಯಿತು.

ಆ ರೈತರ ಮಾತನ್ನು ಇಲ್ಲಿ ನಾನು ವಿಸ್ತಾರವಾಗಿ ಬರೆಯಲೇಬೇಕು. ಏಕೆಂದರೆ ಅವರು ಅಧ್ಯಕ್ಷರ ಉದ್ದೇಶವನ್ನು ಹಳಿಯಲಿಲ್ಲ. ರಾಜರಟವೆಂದು ಕರೆಯುವ ಆ ಒಣಸೀಮೆಯಲ್ಲಿ, ಕಾರಣವು ಇಂದಿಗೂ ಸ್ಪಷ್ಟವಾಗದ ಮೂತ್ರಪಿಂಡದ ರೋಗವೊಂದು ರೈತಾಪಿ ಜನರನ್ನು ದಶಕಗಳಿಂದ ತಿನ್ನುತ್ತಿದೆ. ಹೊಲದ ವಿಷವೇ ಮೂಲವೆಂದು ಬಹಳ ಮಂದಿ ನಂಬಿದ್ದಾರೆ. ಇವರ ತಮ್ಮನು ಅದೇ ರೋಗದಿಂದ ತೀರಿಹೋದವನು. “ವಿಷ ಬೇಡವೆಂದರೆ ನಾನು ಮೊದಲು ಕೈಯೆತ್ತುತ್ತಿದ್ದೆ” ಎಂದರು ಅವರು. “ನನ್ನ ಹೊಲದ ನಾಲ್ಕರಲ್ಲೊಂದು ಭಾಗವನ್ನು ಮೊದಲು ಮಾಡು, ಬೀಜ ಬೇರೆ ಕೊಡುತ್ತೇವೆ, ನಷ್ಟವಾದರೆ ತುಂಬಿಕೊಡುತ್ತೇವೆ ಎಂದು ಒಬ್ಬ ಬಂದು ಕೇಳಿದ್ದರೆ ಮಾಡುತ್ತಿದ್ದೆ. ಯಾರೂ ಬರಲಿಲ್ಲ. ಟೀವಿಯಲ್ಲಿ ಹೇಳಿದರು, ಮುಗಿಯಿತು.” ಬದಲಿಗೆ ಬಂದ ಕಾಂಪೋಸ್ಟಿನ ಚೀಲವೊಂದು ಅವರ ಕೊಟ್ಟಿಗೆಯ ಮೂಲೆಯಲ್ಲಿ ಇನ್ನೂ ಇತ್ತು. ಅವರು ಅದರೊಳಕ್ಕೆ ಕೈಹಾಕಿ ಒಂದು ಹಿಡಿಯನ್ನು ನನ್ನ ಅಂಗೈಗೆ ಸುರಿದರು: ಸಣ್ಣ ಕಲ್ಲು, ಕೊಳೆಯದ ಕಡ್ಡಿ, ನೀಲಿಯ ಪ್ಲಾಸ್ಟಿಕ್ಕಿನ ಎರಡು ಚೂರು. ಮಗಳು ಅದನ್ನು ಭಾಷಾಂತರಿಸಬೇಕಾಗಿರಲಿಲ್ಲ. ಮುಂದಿನ ವರುಷ ಭಾರತದಿಂದ ಬಂದ ಯೂರಿಯಾವನ್ನು ಸರಕಾರವು ಚೀಲಕ್ಕೆ 10,000 ರೂಪಾಯಿಯಂತೆ ಮಾರಿತು. ಉಚಿತವೆಂದು ಮಾತು ಕೊಟ್ಟಿದ್ದವರು ಆಗ ಅಧಿಕಾರದಲ್ಲಿದ್ದೂ ಇಲ್ಲದಂತಿದ್ದರು.

ರಾಜಪಕ್ಸ ಮನೆತನದ ಹಿರಿಯರು ಹೆಗಲ ಮೇಲೆ ಹೊದೆಯುವ ಕಂದುಗೆಂಪು ಶಾಲು ಕುರಕ್ಕನ್ ಎಂಬ ಧಾನ್ಯದ ಬಣ್ಣದ್ದು. ಅದು ನಮ್ಮ ರಾಗಿಯೇ. ದಕ್ಷಿಣ ಸೀಮೆಯ ಬಡ ರಾಗಿ ಬೆಳೆಗಾರರ ಪ್ರತಿನಿಧಿಗಳೆಂಬ ಗುರುತಾಗಿ ಆ ಕುಟುಂಬವು ರಾಜಕಾರಣಕ್ಕೆ ಬಂದ ಕಾಲದಿಂದ ಅದನ್ನು ಹೊದ್ದುಕೊಂಡು ಬಂದಿದೆ. ರಾಗಿಯ ನಾಡಿನಿಂದ ಹೋದ ನನಗೆ ಈ ಸಂಗತಿಯು ಬಹಳ ದುಃಖವನ್ನುಂಟುಮಾಡಿತು. ಹೊಲದ ಬಣ್ಣವನ್ನು ಹೆಗಲ ಮೇಲಿಟ್ಟುಕೊಂಡ ವಂಶದ ಆಳ್ವಿಕೆಯಲ್ಲಿಯೇ ಹೊಲದವನನ್ನು ಒಂದು ಮಾತು ಕೇಳದಂತಾದುದು ಆ ಜನರಿಗೆ ಎಂತಹ ವಿಶ್ವಾಸಘಾತವಾಗಿ ಕಂಡಿರಬೇಕು! 2022ರ ಮೇ 9ರಂದು, ಪ್ರಧಾನಿಯ ನಿವಾಸದಿಂದ ಹೊರಟ ಬೆಂಬಲಿಗರು ಗಾಲ್ ಫೇಸಿನ ಡೇರೆಗಳ ಮೇಲೆ ಬಿದ್ದು ಬಡಿದ ದಿವಸ, ಕೆರಳಿದ ಜನರು ಆ ವಂಶದ ಹುಟ್ಟೂರಾದ ಮೆದಮುಲನದಲ್ಲಿ ಹಿರಿಯರ ಸ್ಮಾರಕವನ್ನೇ ಕೆಡವಿದರು. ಆಳುವ ಪಕ್ಷದ ಸಂಸದರೊಬ್ಬರು ನಿಟ್ಟಂಬುವದಲ್ಲಿ ಗುಂಪಿನ ಕೈಗೆ ಸಿಕ್ಕು ಪ್ರಾಣ ಕಳೆದುಕೊಂಡರು. ಅದನ್ನು ನಾನು ಸಮರ್ಥಿಸಲಾರೆನು. ಅರಗಲಯದ ಮಿತ್ರರೂ ಬಹಳ ಮಂದಿ ಸಮರ್ಥಿಸಲಿಲ್ಲ.

ಹಟನ್ನಿನ ಚಹಾ ಬೆಟ್ಟಗಳಿಗೆ ಹೋಗಲು ನನಗೆ ಬೇರೊಂದು ಕಾರಣವಿತ್ತು. ನಮ್ಮ ಸುಳ್ಯ ಪುತ್ತೂರಿನ ಸೀಮೆಯಲ್ಲಿ, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರು ತೋಟಗಳಲ್ಲಿ ದುಡಿಯುವ ತಮಿಳರು ಆ ಚಹಾ ಬೆಟ್ಟಗಳಿಂದ ಬಂದವರು. 1948ರಲ್ಲಿ ಪೌರತ್ವವನ್ನು ಕಳೆದುಕೊಂಡು, 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರೂ ಸಿರಿಮಾವೊ ಬಂಡಾರನಾಯಕೆಯವರೂ ಮಾಡಿಕೊಂಡ ಒಪ್ಪಂದದಂತೆ ಭಾರತಕ್ಕೆ ಹಂಚಿಕೆಯಾದವರ ಮಕ್ಕಳು, ಮೊಮ್ಮಕ್ಕಳು. ಐದು ಲಕ್ಷದ ಇಪ್ಪತ್ತೈದು ಸಾವಿರ ಜನ ನಿಮಗೆ, ಮೂರು ಲಕ್ಷ ನಮಗೆ, ಉಳಿದವರದು ಆಮೇಲೆ ನೋಡೋಣ ಎಂದು ಎರಡು ಸರಕಾರಗಳು ಗೆರೆ ಎಳೆದಾಗಲೂ ಅವರನ್ನು ಯಾರೂ ಕೇಳಿರಲಿಲ್ಲ. ರಬ್ಬರು ಕಡಿಯುವ ಅವರ ಜೊತೆಯಲ್ಲಿ ಬೆಳೆದುದರಿಂದಲೇ ನನ್ನ ನಾಲಗೆಗೆ ತಮಿಳು ಬಂದದ್ದು. ನಮ್ಮೂರಿನ ಒಬ್ಬ ಅಜ್ಜಿ ತಾನು ಹುಟ್ಟಿದ ಲೈನು ಮನೆಯ ಗುರುತು ಹೇಳಿ ಕಳುಹಿಸಿದ್ದಳು. ಆ ಸಾಲು ಇನ್ನೂ ಇತ್ತು, ತಗಡು ಹೊಸದಾಗಿತ್ತು. ಅಜ್ಜಿಯ ದೊಡ್ಡಪ್ಪನ ಮೊಮ್ಮಗಳು ನನಗೆ ಚಹಾ ಕೊಟ್ಟಳು.

ಅವಳೂ ಎಲೆ ಕೊಯ್ಯುವವಳು. 2021ರಲ್ಲಿ ದಿನಗೂಲಿ 1,000 ರೂಪಾಯಿಯಾಯಿತು. ಆ ವರುಷವೇ ಗೊಬ್ಬರ ನಿಂತು, ಮುಂದಿನ ವರುಷ ಗಿಡ ಚಿಗುರುವುದನ್ನೇ ಮರೆಯಿತು. ದೇಶದ ಚಹಾ ಉತ್ಪನ್ನವು ಸುಮಾರು 30 ಕೋಟಿ ಕಿಲೋದಿಂದ 25 ಕೋಟಿಗೆ ಇಳಿದ ಅಂಕಿಯನ್ನು ನಾನು ಓದಿದ್ದೆನು. ಅದರ ಅರ್ಥ ಅವಳ ಮನೆಯಲ್ಲಿ ತಿಳಿಯಿತು. ಗೊತ್ತುಮಾಡಿದ ತೂಕದಷ್ಟು ಎಲೆ ತರದವಳ ಲೆಕ್ಕಕ್ಕೆ ‘ಅರೆಪೇರು’ ಬೀಳುತ್ತದೆ, ಅಂದರೆ ಇಡೀ ದಿನ ಬೆಟ್ಟ ಹತ್ತಿಳಿದರೂ ಅರ್ಧ ದಿನದ ಕೂಲಿ. ರೊಟ್ಟಿಗೆ ಬೇಕಾದ ಗೋಧಿಹಿಟ್ಟಿನ ಬೆಲೆ ಅದೇ ತಿಂಗಳುಗಳಲ್ಲಿ ಮೂರು ಪಟ್ಟಿಗೂ ಮೇಲೇರಿತು. ಗಾಲ್ ಫೇಸಿಗೆ ನಿಮ್ಮವರು ಹೋದರೇ ಎಂದು ಕೇಳಿದೆನು. “ಹೋದವರಿದ್ದಾರೆ ಅಯ್ಯಾ, ಓದಿದ ಹುಡುಗರು. ಕರೆಂಟು ಹೋಯಿತೆಂದು ಕೊಲಂಬೊದವರು ಬೀದಿಗೆ ಬಂದರು ಎನ್ನುತ್ತಾರೆ. ನಮ್ಮ ಲೈನಿಗೆ ಕರೆಂಟು ಬಂದದ್ದೇ ನನ್ನ ಮದುವೆಯಾದ ಮೇಲೆ” ಎಂದಳು. ಕೊಲಂಬೊದವರ ಮೇಲೆ ಅವಳಿಗೆ ಕೋಪವಿರಲಿಲ್ಲ.

ವವುನಿಯವನ್ನು ದಾಟಿ ಬಡಗಣಕ್ಕೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ, ಕಿಲಿನೊಚ್ಚಿಯಲ್ಲಿ, ನಾನು ಕಂಡ ಡೇರೆ ಗಾಲ್ ಫೇಸಿನ ಡೇರೆಗಳಿಗಿಂತ ಐದು ವರುಷ ಹಳೆಯದು. ಯುದ್ಧದ ಕೊನೆಯ ದಿನಗಳಲ್ಲಿ ಸೈನ್ಯದ ಕೈಗೆ ಒಪ್ಪಿಸಿ ಬಂದ ಮಕ್ಕಳು ಎಲ್ಲಿ ಎಂದು ಕೇಳುತ್ತ ತಾಯಂದಿರು 2017ರ ಫೆಬ್ರವರಿಯಿಂದ ಅಲ್ಲಿ ಕುಳಿತಿದ್ದಾರೆ. ಒಳಗಡೆ ದಾರ ಕಟ್ಟಿ ತೂಗಹಾಕಿದ ಭಾವಚಿತ್ರಗಳ ಸಾಲು. ಧೂಳು ತಗುಲದಿರಲೆಂದು ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ಹೊದಿಕೆ. ಶಾಲೆಯ ಸಮವಸ್ತ್ರದ ಹುಡುಗಿ, ಮೀಸೆ ಚಿಗುರಿದ ಹುಡುಗ, ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡ ಗಂಡಹೆಂಡಿರು. 2020ರ ಜನವರಿಯಲ್ಲಿ ಗೊಟಬಯರು ವಿಶ್ವಸಂಸ್ಥೆಯ ಪ್ರತಿನಿಧಿಗೆ, ಕಾಣೆಯಾದವರು ವಾಸ್ತವವಾಗಿ ಸತ್ತಿದ್ದಾರೆಂದು ಹೇಳಿದರು. ಯಾರು, ಎಲ್ಲಿ, ಯಾರ ಕೈಯಿಂದ ಎಂಬ ಒಂದು ಮಾತೂ ಅದರ ಜೊತೆಗೆ ಬರಲಿಲ್ಲ.

2022ರ ಜುಲೈ 9ರಂದು ರೈಲು ಬಸ್ಸು ಲಾರಿಗಳಲ್ಲಿ ತುಂಬಿಕೊಂಡು ಬಂದ ಲಕ್ಷಾಂತರ ಜನರು ಕೊಲಂಬೊದ ಅಧ್ಯಕ್ಷ ಭವನವನ್ನು ಹೊಕ್ಕ ದೃಶ್ಯಗಳನ್ನು ಈ ತಾಯಂದಿರೂ ಫೋನಿನಲ್ಲಿ ನೋಡಿದ್ದರು. ಒಳಗೆ ಸಿಕ್ಕಿದ 1 ಕೋಟಿ 78 ಲಕ್ಷ ರೂಪಾಯಿ ನಗದನ್ನು ಹುಡುಗರು ಎಣಿಸಿ ಪೋಲೀಸರಿಗೆ ಒಪ್ಪಿಸಿದರೆಂಬುದನ್ನು ನಾನು ಮೆಚ್ಚಿಕೆಯಿಂದ ಎತ್ತಿದೆನು. ಅರವತ್ತು ದಾಟಿದ ಒಬ್ಬ ತಾಯಿ ಹೌದೆಂದು ತಲೆಯಾಡಿಸಿ, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಯ್ಯಾ, ಆ ಮನೆಯೊಳಗೆ ಹೋದವರು ಈಜುಕೊಳ ನೋಡಿದರು, ಹಾಸಿಗೆ ನೋಡಿದರು. ನಮ್ಮ ಮಕ್ಕಳ ಪಟ್ಟಿ ಅಲ್ಲೆಲ್ಲಾದರೂ ಇದೆಯೋ ಎಂದು ಒಬ್ಬರಾದರೂ ಕಪಾಟು ತೆಗೆದು ನೋಡಿದರೋ?” ದ್ವೀಪದಲ್ಲಿ ನಾನು ಕೇಳಿದ ಪ್ರಶ್ನೆಗಳಲ್ಲೆಲ್ಲ ಇದು ದೊಡ್ಡದು. ಬಾಯಿಮಾತನ್ನೇ ಶಾಸನ ಮಾಡುವ ಆಳ್ವಿಕೆಯನ್ನು ದಕ್ಷಿಣದ ಜನ ಒಂದು ಬೆಳೆಯ ಕಾಲ ಅನುಭವಿಸಿ ಎದ್ದು ನಿಂತರು. ಈ ಜನರು ಅದನ್ನು ಒಂದು ತಲೆಮಾರು ಅನುಭವಿಸಿದ್ದರು, ಆಗ ದಕ್ಷಿಣದಲ್ಲಿ ಪಟಾಕಿ ಹಾರಿತ್ತು. ಗಾಲ್ ಫೇಸಿನಲ್ಲಿ ಮೇ 18ರಂದು, ಯುದ್ಧದ ಕೊನೆಯ ದಿನಗಳಲ್ಲಿ ಮುಳ್ಳಿವಾಯ್ಕಾಲಿನಲ್ಲಿ ಸತ್ತವರ ನೆನಪಿಗೆ ಗಂಜಿಯನ್ನು ಸಿಂಹಳರೂ ತಮಿಳರೂ ಕೂಡಿ ಹಂಚಿ ಕುಡಿದರೆಂಬುದು ನಿಜ. ಅದು ಸಣ್ಣ ಸಂಗತಿಯಲ್ಲ, ಹಿಂದೆಂದೂ ನಡೆಯದ್ದು. ಆದರೂ ಆ ಗಂಜಿಯ ಬಟ್ಟಲು ಕಿಲಿನೊಚ್ಚಿಯ ಡೇರೆಯವರೆಗೆ ಬಂದಿರಲಿಲ್ಲ.

ಗೊಟಬಯರು ಜುಲೈ 13ರ ಬೆಳಗಿನ ಜಾವ ವಾಯುಪಡೆಯ ವಿಮಾನದಲ್ಲಿ ಮಾಲ್ಡೀವ್ಸಿಗೆ ಹೋಗಿ, ಮರುದಿನ ಸಿಂಗಪುರದಿಂದ ರಾಜೀನಾಮೆಯನ್ನು ಮಿಂಚಂಚೆಯಲ್ಲಿ ಕಳುಹಿಸಿದರು. ಜನರಿಗೆಂದು ಅಲ್ಲಿಂದ ಒಂದು ಮಾತನ್ನೂ ಆಡಲಿಲ್ಲ. ಅವರ ಸ್ಥಾನಕ್ಕೆ ಸಂಸತ್ತು ಆರಿಸಿದ ರನಿಲ್ ವಿಕ್ರಮಸಿಂಘೆಯವರು ಅಧಿಕಾರ ವಹಿಸಿಕೊಂಡ ಮರುದಿನವೇ, ನಸುಕಿನಲ್ಲಿ ಸೈನಿಕರು ಬಯಲಿನ ಡೇರೆಗಳನ್ನು ಕಿತ್ತೆಸೆದರು. ನಾನು ಹಿಂತಿರುಗಿದ ವರುಷದ ನವೆಂಬರಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು, ಗೊಟಬಯರೂ ಅವರ ಇಬ್ಬರು ಸೋದರರೂ ಕೆಲವು ಉನ್ನತಾಧಿಕಾರಿಗಳೂ ಆರ್ಥಿಕ ಪತನಕ್ಕೆ ಕಾರಣರಾಗಿ ಸಾರ್ವಜನಿಕ ವಿಶ್ವಾಸವನ್ನು ಮುರಿದರೆಂದು ತೀರ್ಪಿತ್ತಿತು. 2024ರ ಸೆಪ್ಟೆಂಬರಿನಲ್ಲಿ ಜನರು, 2019ರಲ್ಲಿ ಶೇಕಡ ಮೂರರಷ್ಟು ಮತ ಪಡೆದಿದ್ದ ಅನುರ ಕುಮಾರ ದಿಸಾನಾಯಕೆಯವರನ್ನು ಅಧ್ಯಕ್ಷರನ್ನಾಗಿ ಆರಿಸಿ, ನವೆಂಬರಿನಲ್ಲಿ ಅವರ ಮೈತ್ರಿಗೆ 225ರಲ್ಲಿ 159 ಸ್ಥಾನಗಳನ್ನು ಕೊಟ್ಟರು. ಬಡಗಣದ ಯಾಳ್ಪಾಣದ (ಜಾಫ್ನಾದ) ತಮಿಳರೂ ದಕ್ಷಿಣದಿಂದ ಬಂದ ಆ ಪಕ್ಷಕ್ಕೆ ತಮ್ಮ ಜಿಲ್ಲೆಯಲ್ಲಿ ಮೊದಲ ಸ್ಥಾನವನ್ನು ಕೊಟ್ಟರು. ಸುದ್ದಿ ಓದಿದ ದಿನ ನನಗೆ ಆನಂದವಾಯಿತೆಂಬುದನ್ನು ಮುಚ್ಚಿಡಲಾರೆನು.

ಇಷ್ಟಾದರೂ, 1978ರಲ್ಲಿ ಜೆ.ಆರ್. ಜಯವರ್ಧನೆಯವರು ರಚಿಸಿದ ಆ ಸರ್ವಾಧಿಕಾರದ ಪೀಠವು ಗಾಲ್ ಫೇಸಿನ ಬಡಗಣ ತುದಿಯ ಸೌಧದಲ್ಲಿ ಹಾಗೆಯೇ ಇದೆ. 1994ರಿಂದೀಚೆಗೆ ಅದನ್ನು ತೆಗೆದುಹಾಕುತ್ತೇವೆಂದು ಮಾತು ಕೊಟ್ಟು ಗೆದ್ದವರು ಗೆದ್ದ ಮೇಲೆ ಅದರಲ್ಲಿಯೇ ಕುಳಿತರು; ಈಗಿನ ಅಧ್ಯಕ್ಷರ ಪಕ್ಷವೂ ಹೊಸ ಸಂವಿಧಾನದಲ್ಲಿ ಅದನ್ನು ರದ್ದುಮಾಡುವ ಮಾತು ಕೊಟ್ಟಿದೆ, ಅದಕ್ಕೆ ಬೇಕಾದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚಿನ ಬಲವೂ ಅದರ ಕೈಯಲ್ಲಿದೆ. ಕಿಲಿನೊಚ್ಚಿಯ ತಾಯಂದಿರು, 2009ರ ಮೇ ತಿಂಗಳಿನಲ್ಲಿ ಶರಣಾದವರ ಪಟ್ಟಿಯನ್ನು ಈ ಅಧ್ಯಕ್ಷರಿಂದಲೂ ಕೇಳುತ್ತಿದ್ದಾರೆ.